ಓದುವವರು ಯಾರು, ಆರಿಸುವವರು ಯಾರು?

ಮೇ ತಿಂಗಳು ಬಂತೆಂದರೆ ರಾಯಚೂರಿನಲ್ಲಿ ಎರಡೇ ಮಾತು. ಒಂದು ಬಿಸಿಲು, ಇನ್ನೊಂದು ಎಸ್.ಎಸ್.ಎಲ್.ಸಿ. ಫಲಿತಾಂಶ. ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದ ಬಾಗಿಲಿಗೆ ಬಂದು ನಿಂತೊಡನೆ ತಂದೆತಾಯಂದಿರು ಮಕ್ಕಳನ್ನು ಮುಂದಕ್ಕೆ ತಳ್ಳುತ್ತಾ ಹತ್ತಿರ ಬರುತ್ತಾರೆ. ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುವಷ್ಟರಲ್ಲೇ ಪ್ರಶ್ನೆ ಬಂದಿರುತ್ತದೆ: “ಫಾದರ್, ಇವನಿಗೆ ಸೈನ್ಸ್ ಕೊಡಸಬೇಕೋ, ಆರ್ಟ್ಸ್ ಕೊಡಸಬೇಕೋ?”

ಪ್ರಿಯ ವಾಚಕರೇ, ಈ ‘ಕೊಡಿಸು’ ಎಂಬ ಮಾತನ್ನು ಸ್ವಲ್ಪ ಗಮನಿಸಿ. ಕ್ರಿಸ್‌ಮಸ್ಸಿಗೆ ಬಟ್ಟೆ ಕೊಡಿಸುತ್ತೇವೆ, ಶಾಲೆ ತೆರೆದಾಗ ಚೀಲ ಕೊಡಿಸುತ್ತೇವೆ, ಹಾಗೆಯೇ ಸೈನ್ಸನ್ನೂ ಕೊಡಿಸುತ್ತೇವೆ. ಮಗನನ್ನು ಕೇಳಿದರೆ “ಸೈನ್ಸ್ ತಗೊಂಡೀನ್ರಿ” ಎನ್ನುತ್ತಾನೆ. ಕೊಡಿಸುವವರು ಒಬ್ಬರು, ತೆಗೆದುಕೊಳ್ಳುವವನು ಇನ್ನೊಬ್ಬ. ‘ನಾನು ಆರಿಸಿಕೊಂಡೆ’ ಎಂಬ ಮಾತನ್ನು ನನ್ನ ಗುರುಸೇವೆಯ ಇಷ್ಟು ವರ್ಷಗಳಲ್ಲಿ ಪಿ.ಯು.ಸಿ. ಓದುವ ಒಬ್ಬ ಹುಡುಗನ ಬಾಯಿಂದಲೂ ಕೇಳಿದ ನೆನಪಿಲ್ಲ. ಹಾಗಾದರೆ ಆರಿಸಿದವರು ಯಾರು? ಅದಕ್ಕಿಂತ ಮುಖ್ಯವಾಗಿ, ಆರಿಸಬೇಕಾದವರು ಯಾರು? ಇದು ಕಾಲೇಜಿನ ಅರ್ಜಿ ತುಂಬುವ ಪ್ರಶ್ನೆ ಮಾತ್ರವಲ್ಲ, ಮನಸ್ಸಾಕ್ಷಿಯ ಪ್ರಶ್ನೆಯೂ ಹೌದು ಎಂದು ನನಗೆ ತಡವಾಗಿ ಅರ್ಥವಾಯಿತು. ಹೇಗೆ ಅರ್ಥವಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಇದರಲ್ಲಿ ನನ್ನ ತಪ್ಪೂ ಇದೆ.

ಕೆಲವು ವರ್ಷಗಳ ಹಿಂದೆ ನಾನು ಮಾನ್ವಿ ಕಡೆ ಸೇವೆಯಲ್ಲಿದ್ದೆ. ಅಲ್ಲಿ ಒಬ್ಬ ಪೀಠಬಾಲಕನಿದ್ದ. ತಂದೆ ಟ್ರ್ಯಾಕ್ಟರ್ ಚಾಲಕ, ತಾಯಿ ಭತ್ತದ ಗದ್ದೆಗಳಲ್ಲಿ ನಾಟಿ ಮಾಡುವವರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಅವರಿಗೆ ಕೂಲಿ, ಇಲ್ಲದಿದ್ದರೆ ಇಲ್ಲ. ಹುಡುಗ ಕನ್ನಡ ಮಾಧ್ಯಮದಲ್ಲಿ ಓದಿ 625ಕ್ಕೆ 478 ಅಂಕ ತಂದ. ಕೈ ಬಹಳ ಚುರುಕು. ದೇವಾಲಯದ ಮೈಕ್ ಕೆಟ್ಟರೆ ಅಂಗಡಿಗೆ ಕಳಿಸುವ ಮೊದಲು ಅವನ ಕೈಗೆ ಕೊಡುತ್ತಿದ್ದೆವು, ಎಷ್ಟೋ ಸಲ ಅದು ಅಂಗಡಿಗೆ ಹೋಗುವ ಅಗತ್ಯವೇ ಬೀಳುತ್ತಿರಲಿಲ್ಲ. ತಂದೆ ಬಂದು, “ಐ.ಟಿ.ಐ.ಗೆ ಹಾಕಬೇಕಂತ ಮಾಡೀನ್ರಿ ಫಾದರ್, ಎಲೆಕ್ಟ್ರಿಷಿಯನ್ ಕಲೀತಾನ” ಅಂದರು. ನಾನು ಬಿಡಲಿಲ್ಲ. ಇಷ್ಟು ಅಂಕ ತೆಗೆದ ಹುಡುಗನನ್ನು ಐ.ಟಿ.ಐ.ಗೆ ಹಾಕುವುದೇ? ನಮ್ಮ ಜನ ಯಾವಾಗ ಮೇಲೆ ಬರುವುದು? ವಿಜ್ಞಾನ ತೆಗೆದುಕೊಂಡರೆ ಎಲ್ಲ ಬಾಗಿಲೂ ತೆರೆದಿರುತ್ತವೆ ಎಂದೆಲ್ಲ ಹೇಳಿದೆ. ಶುಲ್ಕಕ್ಕೆ ಒಂದಿಷ್ಟು ಸಹಾಯವನ್ನೂ ಹೊಂದಿಸಿಕೊಟ್ಟೆ. ತಂದೆ ಕೈಮುಗಿದರು. ಹುಡುಗ ನನ್ನ ಎದುರಿಗೇ ನಿಂತಿದ್ದ. ಅವನನ್ನು ನಾನು ಒಂದು ಮಾತೂ ಕೇಳಲಿಲ್ಲ.

ಮೊದಲ ವರ್ಷ ಅವನು ಅಂಕಪಟ್ಟಿಯನ್ನು ಯಾರಿಗೂ ತೋರಿಸಲಿಲ್ಲ. ಎರಡನೆಯ ವರ್ಷ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರರಲ್ಲೂ ನಪಾಸಾದ. ಆಗ ಒಂದು ಪೂರಕ ಪರೀಕ್ಷೆ ಮಾತ್ರ ಇತ್ತು, ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂದದ್ದು 2024ರಲ್ಲಿ. ಪೂರಕ ಪರೀಕ್ಷೆಗೆ ಅವನು ಹಣ ಕಟ್ಟಲೇ ಇಲ್ಲ. ನಮ್ಮ ಕಡೆಯ ಅನೇಕರಂತೆ ಬೆಂಗಳೂರಿಗೆ ಹೋಗಿ ಸೆಂಟ್ರಿಂಗ್ ಕೆಲಸಕ್ಕೆ ಸೇರಿದ. ಕ್ರಿಸ್‌ಮಸ್ಸಿಗೆ ಊರಿಗೆ ಬಂದಾಗ ಈಗಲೂ ದೇವಾಲಯದ ಮೇಲೆ ಹತ್ತಿ ನಕ್ಷತ್ರದ ದೀಪ ಕಟ್ಟುವವನು ಅವನೇ. ಒಮ್ಮೆ ನಾನೇ, “ನಾನು ತಪ್ಪು ದಾರಿ ತೋರಿಸಿದೆನಪ್ಪಾ” ಎಂದೆ. ಅವನು ನಕ್ಕು, “ನೀವು ಹೇಳಿದ್ರಿ ಫಾದರ್, ನಾ ತಗೊಂಡೆ. ನಿಮ್ಮ ತಪ್ಪೇನದ?” ಎಂದ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಬಾಗಿಲುಗಳ ಮಾತನ್ನೇ ಮೊದಲು ಪರಿಶೀಲಿಸೋಣ. ಅದನ್ನು ಹೇಳುವವರು ಮೂರ್ಖರಲ್ಲ. ಪಿ.ಯು.ಸಿ.ಯಲ್ಲಿ ಎರಡು ಭಾಷೆಗಳ ಜೊತೆಗೆ ನಾಲ್ಕು ಐಚ್ಛಿಕ ವಿಷಯಗಳು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಓದಿದವನು ಮುಂದೆ ವೈದ್ಯಕೀಯ, ಎಂಜಿನಿಯರಿಂಗ್, ಕೃಷಿ ವಿಜ್ಞಾನ, ಬಿ.ಎಸ್ಸಿ. ನರ್ಸಿಂಗ್ ಯಾವುದಕ್ಕಾದರೂ ಪ್ರಯತ್ನಿಸಬಹುದು. ಬೇಡವೆನಿಸಿದರೆ ಬಿ.ಎ., ಬಿ.ಕಾಂ., ಐದು ವರ್ಷದ ಕಾನೂನು ಪದವಿಗೂ ಹೋಗಬಹುದು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಓದಿದವನು ಆಮೇಲೆ ಮನಸ್ಸು ಬದಲಾಯಿಸಿ ಡಾಕ್ಟರಾಗುತ್ತೇನೆ ಎಂದರೆ ಆ ದಾರಿ ಇಲ್ಲ. ಈ ಲೆಕ್ಕ ಸರಿಯಾಗಿಯೇ ಇದೆ.

ನಮ್ಮ ಜಿಲ್ಲೆಯ ಮಟ್ಟಿಗೆ ಇದಕ್ಕೆ ಇನ್ನೂ ಬಲವಿದೆ. ಹಿಂದೆ ರಾಯಚೂರಿನ ಮಗು ಸರ್ಕಾರಿ ಕಾಲೇಜಿನಲ್ಲಿ ವೈದ್ಯಕೀಯ ಓದಬೇಕಾದರೆ ಪರಊರಿಗೇ ಹೋಗಬೇಕಾಗಿತ್ತು. 2007ರಲ್ಲಿ ರಾಯಚೂರಿನಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ‘ರಿಮ್ಸ್’ ಆರಂಭವಾಯಿತು. ಅದರ ಬೆನ್ನಿಗೇ ನಮ್ಮ ಕೃಷಿ ಕಾಲೇಜಿನ ಆವರಣ ಕೃಷಿ ವಿಶ್ವವಿದ್ಯಾಲಯವಾಯಿತು. 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಸಂವಿಧಾನ ತಿದ್ದುಪಡಿಯಿಂದ 371(ಜೆ) ವಿಧಿ ಬಂದು, ಆಗ ಹೈದರಾಬಾದ್ ಕರ್ನಾಟಕವೆಂದು ಕರೆಯುತ್ತಿದ್ದ ಈ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 70 ಸೀಟುಗಳು, ರಾಜ್ಯದ ಉಳಿದ ಕಡೆ ಶೇಕಡ 8 ಸೀಟುಗಳು ಈ ಭಾಗದ ಮಕ್ಕಳಿಗೆ ಮೀಸಲಾದವು. ಕೃಷಿ ಪದವಿಗೆ ರೈತರ ಮಕ್ಕಳ ಮೀಸಲಾತಿ ಬೇರೆ ಇದೆ. ಇಷ್ಟೆಲ್ಲ ಇರುವಾಗ ಭತ್ತದ ಗಿರಣಿಯಲ್ಲಿ ಚೀಲ ಹೊರುವ ತಂದೆಯೊಬ್ಬ, ನನ್ನ ಮಗಳು ರಿಮ್ಸಿನಲ್ಲಿ ಬಿಳಿ ಕೋಟು ಹಾಕಿಕೊಂಡು ಓಡಾಡಲಿ ಎಂದು ಆಸೆಪಟ್ಟರೆ ಅದನ್ನು ದುರಾಸೆ ಎನ್ನಲು ನನಗೆ ನಾಲಿಗೆ ಬಾರದು.

ಆದರೆ ಬಾಗಿಲುಗಳ ಲೆಕ್ಕದಲ್ಲಿ ಒಂದು ಅಂಶವನ್ನು ಬಿಟ್ಟಿರುತ್ತೇವೆ. ಆ ಬಾಗಿಲುಗಳೆಲ್ಲ ತೆರೆದಿರುವುದು ಪಾಸಾದವನಿಗೆ. ಹತ್ತನೆಯ ತರಗತಿಯವರೆಗೆ ‘ವೇಗೋತ್ಕರ್ಷ’, ‘ದ್ಯುತಿಸಂಶ್ಲೇಷಣೆ’ ಎಂದು ಓದಿದ ಹಳ್ಳಿಯ ಮಗು ಜೂನ್ ತಿಂಗಳ ಒಂದು ಬೆಳಿಗ್ಗೆ ಕಾಲೇಜಿಗೆ ಹೋಗಿ ಕುಳಿತಾಗ ಅದೇ ವಿಷಯವನ್ನು ಇಂಗ್ಲಿಷಿನಲ್ಲಿ, ಹಿಂದಿನ ವೇಗದ ಮೂರು ಪಟ್ಟು ವೇಗದಲ್ಲಿ ಕೇಳಬೇಕು. ಕಲಾ, ವಾಣಿಜ್ಯ ವಿಭಾಗಗಳಲ್ಲಿ ಕನ್ನಡದಲ್ಲಿ ಕಲಿತು ಬರೆಯುವ ಅನುಕೂಲ ಉಂಟು. ವಿಜ್ಞಾನದಲ್ಲಿ ಪಾಠ, ಪುಸ್ತಕ, ಟ್ಯೂಷನ್ ಎಲ್ಲವೂ ಹೆಚ್ಚುಕಡಿಮೆ ಇಂಗ್ಲಿಷ್. ಮಧ್ಯದಲ್ಲಿ ವಿಭಾಗ ಬದಲಾಯಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಕೈಬಿಡುತ್ತದೆ. ದಾಟುವ ಮಕ್ಕಳು ಇದ್ದಾರೆ, ಸಂಶಯವಿಲ್ಲ. ದೇವದುರ್ಗದ ಹಳ್ಳಿಗಳಿಂದ ಬಂದು ಡಾಕ್ಟರಾದವರು ಇದ್ದಾರೆ. ದಾಟದೆ ಉಳಿದವರ ಹೆಸರು ಮಾತ್ರ ಯಾವ ಕಾಲೇಜಿನ ಫಲಕದ ಮೇಲೂ ಇರುವುದಿಲ್ಲ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರು ಶಿಕ್ಷಕನ ಬಗ್ಗೆ ನಡೆಸಿದ ಒಂದು ಚರ್ಚೆಯನ್ನು ನಮಗೆ ಪಾಠ ಮಾಡಿದ್ದರು. ಆಗ ಪರೀಕ್ಷೆಗಾಗಿ ಓದಿದೆ, ಮಾನ್ವಿಯ ಹುಡುಗನ ನಂತರ ಮತ್ತೆ ತೆಗೆದು ಓದಿದೆ. ಅವರ ವಾದದ ಸಾರ ಇಷ್ಟು: ಕಲಿಸುವವನು ವೈದ್ಯನ ಹಾಗೆ. ವೈದ್ಯ ಔಷಧ ಕೊಡಬಹುದು, ಪಥ್ಯ ಹೇಳಬಹುದು, ಆದರೆ ಗುಣವಾಗಬೇಕಾದದ್ದು ರೋಗಿಯ ಶರೀರದೊಳಗಿನ ಶಕ್ತಿಯಿಂದಲೇ. ಹಾಗೆಯೇ ಅರಿವು ಹುಟ್ಟುವುದು ಕಲಿಯುವವನ ಬುದ್ಧಿಯ ಸ್ವಂತ ಕೆಲಸದಿಂದ, ಗುರು ಅದಕ್ಕೆ ನೆರವಾಗಬಲ್ಲ ಅಷ್ಟೆ.

ಇದರಿಂದ ನಮ್ಮ ವಿಷಯಕ್ಕೆ ಏನು ತಿಳಿಯುತ್ತದೆ? ತಂದೆ ಮಗನಿಗೆ ಹೊಲಕ್ಕೆ ಹೋಗೆಂದು ಹೇಳಬಹುದು, ಮನಸ್ಸಿಲ್ಲದಿದ್ದರೂ ಅವನು ಹೋಗಿ ಕಳೆ ಕಿತ್ತು ಬಂದಾನು, ಹೊಲ ಹಸನಾದೀತು. ಕಾಲೇಜಿಗೆ ಹೋಗೆಂದೂ ಹೇಳಬಹುದು, ಅವನು ಹೋಗಿ ಬೆಂಚಿನ ಮೇಲೆ ಕೂರುತ್ತಾನೆ. ಆದರೆ ‘ಅರ್ಥಮಾಡಿಕೋ’ ಎಂದು ಯಾರೂ ಯಾರಿಗೂ ಅಪ್ಪಣೆ ಕೊಡಲಾರರು. ಮದುವೆಗೆ ಒಪ್ಪಿಗೆಯನ್ನು ಬೇರೆಯವರು ಕೊಡಲಾಗದ ಹಾಗೆ, ಇನ್ನೊಬ್ಬನ ತಲೆಯಲ್ಲಿ ಕಲಿಯುವ ಕೆಲಸವನ್ನು ಎಷ್ಟೇ ಪ್ರೀತಿಯಿದ್ದರೂ ನಾವು ಮಾಡಲಾಗದು. ಎರಡು ವರ್ಷ, ದಿನಕ್ಕೆ ಆರೇಳು ಗಂಟೆ, ಆ ಕೆಲಸವನ್ನು ಒಳಗಿನಿಂದ ಮಾಡಬೇಕಾದವನು ಅವನು. ಅದಕ್ಕಾಗಿ ಆಯ್ಕೆಯಲ್ಲಿ ಅವನ ಮನಸ್ಸು ಕೂಡಿರಬೇಕು. ಹದಿನಾರರ ಮಗುವಿಗೆ ತಂದೆಗಿಂತ ಹೆಚ್ಚು ತಿಳಿಯುತ್ತದೆ ಎಂಬುದು ಇದಕ್ಕೆ ಕಾರಣವಲ್ಲ. ಅನೇಕ ಸಲ ಅವನಿಗೆ ಕಡಿಮೆಯೇ ತಿಳಿದಿರುತ್ತದೆ.

ಇಲ್ಲಿಗೆ ಬಂದಾಗ ನಿಮ್ಮಲ್ಲಿ ಕೆಲವರು, “ಹಾಗಾದರೆ ವಿಧೇಯತೆ ಎಲ್ಲಿ ಹೋಯಿತು ಫಾದರ್? ತಂದೆತಾಯಿಗಳನ್ನು ಗೌರವಿಸು ಎಂಬುದು ದೇವರ ಕಟ್ಟಳೆಯಲ್ಲವೇ?” ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದೇ ಅಕ್ವಿನಾಸರು ವಿಧೇಯತೆಯ ಎಲ್ಲೆಯನ್ನು ಚರ್ಚಿಸುತ್ತಾ, ಮದುವೆಯಾಗಬೇಕೋ ಬ್ರಹ್ಮಚರ್ಯದಲ್ಲಿ ಇರಬೇಕೋ ಎಂಬಂಥ ವಿಷಯಗಳಲ್ಲಿ ಮಕ್ಕಳು ಹೆತ್ತವರ ಅಪ್ಪಣೆಗೆ ಕಟ್ಟುಬಿದ್ದವರಲ್ಲ ಎಂದು ತೀರ್ಮಾನಿಸಿದರು. ಅವರ ಪಾಲಿಗೆ ಇದು ಬರೀ ಸಿದ್ಧಾಂತವಾಗಿರಲಿಲ್ಲ. ಅವರ ಮನೆತನ ದೊಡ್ಡದು. ಮಗ ಮೊಂತೆ ಕಾಸಿನೊ ಮಠದ ಅಧಿಪತಿಯಾಗಲಿ ಎಂಬುದು ಮನೆಯವರ ಆಸೆ. ಆ ಕಾಲಕ್ಕೆ ಅದೊಂದು ಮೆಡಿಕಲ್ ಸೀಟು ಎಂದಿಟ್ಟುಕೊಳ್ಳಿ. ಅವರಾದರೋ ಭಿಕ್ಷೆ ಬೇಡಿ ಬದುಕುವ ದೊಮಿನಿಕನ್ ಸಭೆಗೆ 1244ರಲ್ಲಿ ಸೇರಿಬಿಟ್ಟರು. ಸ್ವಂತ ಅಣ್ಣಂದಿರೇ ದಾರಿಯಲ್ಲಿ ಅವರನ್ನು ಹಿಡಿದು ತಂದು ಸುಮಾರು ಒಂದು ವರ್ಷ ಮನೆಯ ಕೋಟೆಯಲ್ಲಿ ಕೂಡಿಹಾಕಿದರು. ಮನೆಯವರು ಕೆಟ್ಟವರಾಗಿರಲಿಲ್ಲ. ಮಗನಿಗೆ ಒಳ್ಳೆಯದಾಗಲಿ ಎಂದೇ ಕೂಡಿಹಾಕಿದ್ದರು.

1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಪ್ರಾಯಕ್ಕೆ ಬಂದ ಮಕ್ಕಳಿಗೆ ತಮ್ಮ ಉದ್ಯೋಗವನ್ನೂ ಜೀವನದ ಸ್ಥಿತಿಯನ್ನೂ ಆರಿಸಿಕೊಳ್ಳುವ ಹಕ್ಕಿದೆ, ಕರ್ತವ್ಯವೂ ಇದೆ. ಅವರು ಹೆತ್ತವರ ಸಲಹೆಯನ್ನು ಮನಃಪೂರ್ವಕ ಕೇಳಬೇಕು. ಹೆತ್ತವರು ಉದ್ಯೋಗದ ವಿಷಯದಲ್ಲಾಗಲಿ ಸಂಗಾತಿಯ ವಿಷಯದಲ್ಲಾಗಲಿ ಒತ್ತಡ ಹೇರಬಾರದು. ಇದು 2230ನೆಯ ಪರಿಚ್ಛೇದದ ತಾತ್ಪರ್ಯ. ಮದುವೆ ತಯಾರಿಯ ತರಗತಿಗಳಲ್ಲಿ ಇದರ ಎರಡನೆಯ ಭಾಗವನ್ನು ನಾವು ಗುರುಗಳು ತಪ್ಪದೆ ಹೇಳುತ್ತೇವೆ. ಮೊದಲನೆಯ ಭಾಗವನ್ನು, ಅಂದರೆ ಉದ್ಯೋಗದ ಮಾತನ್ನು, ಪೀಠದಿಂದ ಯಾರಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ? ನಾನಂತೂ ಹೇಳಿರಲಿಲ್ಲ.

ಆದರೆ ನಿಜವಾದ ಕಗ್ಗಂಟು ‘ಪ್ರಾಯಕ್ಕೆ ಬಂದ’ ಎಂಬ ಮಾತಿನಲ್ಲಿದೆ. ನಮ್ಮ ವ್ಯವಸ್ಥೆಯಲ್ಲಿ ಈ ಆಯ್ಕೆ ಬಂದು ನಿಲ್ಲುವುದು ಹದಿನೈದು ಹದಿನಾರರ ವಯಸ್ಸಿಗೆ. ಓಟು ಹಾಕುವ ಹಕ್ಕು ಕೊಡಲು, ಬೈಕಿನ ಲೈಸೆನ್ಸ್ ಕೊಡಲು ನಾವು ಹದಿನೆಂಟರವರೆಗೆ ಕಾಯುತ್ತೇವೆ. ಬದುಕಿನ ದಾರಿ ಕವಲೊಡೆಯುವ ಜಾಗದಲ್ಲಿ ಮಾತ್ರ ಹದಿನಾರರ ಮಗುವನ್ನು ತಂದು ನಿಲ್ಲಿಸುತ್ತೇವೆ. ಪರಿಣಾಮವನ್ನು ಜೀವನವಿಡೀ ಅನುಭವಿಸುವವನು ಅವನು. ಪರಿಣಾಮವನ್ನು ಕಾಣಬಲ್ಲ ಕಣ್ಣು ಮಾತ್ರ ಅವನಿಗೆ ಇನ್ನೂ ಪೂರ್ತಿ ತೆರೆದಿಲ್ಲ. ಅವನ ಕೈಗೇ ಪೂರ್ತಿ ಬಿಟ್ಟರೆ ಗೆಳೆಯ ಎಲ್ಲಿ ಸೇರಿದನೋ ಅಲ್ಲಿ ಸೇರುತ್ತಾನೆ. ಪೂರ್ತಿ ನಾವೇ ತೀರ್ಮಾನಿಸಿದರೆ ಮಾನ್ವಿಯ ಹುಡುಗನಂತಾಗುತ್ತದೆ.

ಸಂತ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನ ದೇವಾಲಯದಲ್ಲಿ ಉಳಿದುಬಿಟ್ಟ ಪ್ರಸಂಗ ನಿಮಗೆಲ್ಲ ಗೊತ್ತು. ನಾವು ಅದನ್ನು ಓದುವಾಗ ಅರ್ಧವನ್ನೇ ಓದುತ್ತೇವೆ. ಮಕ್ಕಳಿಗೆ ಉಪದೇಶ ಮಾಡುವಾಗ, ಅವರು ನಜರೇತಿಗೆ ಹಿಂದಿರುಗಿ ತಂದೆತಾಯಿಗಳಿಗೆ ವಿಧೇಯರಾಗಿದ್ದರು ಎಂಬಲ್ಲಿಗೆ ಬೆರಳಿಡುತ್ತೇವೆ. ಯುವಜನರ ಸಭೆಯಲ್ಲಾದರೆ, ನನ್ನ ತಂದೆಯ ಮನೆಯಲ್ಲಿ ನಾನಿರಬೇಕಲ್ಲವೇ ಎಂದು ಅವರು ಕೇಳಿದ ಕಡೆಗೆ ಬೆರಳಿಡುತ್ತೇವೆ. ಎರಡರ ಮಧ್ಯೆ ಇನ್ನೊಂದು ಸಂಗತಿ ಇದೆ. ತಾಯಿ ಮರಿಯಮ್ಮ ಮೊದಲು ತಮ್ಮ ಸಂಕಟವನ್ನು ಮಗನಿಗೆ ಹೇಳುತ್ತಾರೆ: ನಾನೂ ನಿನ್ನ ತಂದೆಯೂ ಎಷ್ಟು ಕಳವಳದಿಂದ ಹುಡುಕಿದೆವು ಎನ್ನುತ್ತಾರೆ. ಮಗನ ಉತ್ತರ ಅವರಿಬ್ಬರಿಗೂ ಅರ್ಥವಾಗುವುದಿಲ್ಲ. ಅರ್ಥವಾಗದಿದ್ದರೂ ಅದನ್ನು ತಳ್ಳಿಹಾಕದೆ ತಾಯಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಹೆತ್ತವರು ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳುವುದು, ಮಗುವಿನ ಉತ್ತರ ತಿಳಿಯದಿದ್ದರೂ ಕೇಳಿಸಿಕೊಳ್ಳುವುದು, ಈ ಎರಡನ್ನು ನಮ್ಮ ಮನೆಗಳಲ್ಲಿ ನಾನು ಕಂಡದ್ದು ಕಡಿಮೆ.

ಈಗ ಇನ್ನೊಂದು ಕಡೆಗೂ ಸ್ವಲ್ಪ ಕಟುವಾಗಿ ಮಾತಾಡಬೇಕಾಗಿದೆ. “ಮಗುವಿಗೆ ಯಾವುದರಲ್ಲಿ ಆಸಕ್ತಿಯೋ ಅದನ್ನೇ ಓದಲಿ” ಎಂದು ಪಟ್ಟಣಗಳಿಂದ ಬರುವ ಉಪನ್ಯಾಸಕಾರರು ಹೇಳಿ ಚಪ್ಪಾಳೆ ತಟ್ಟಿಸಿಕೊಂಡು ಹೋಗುತ್ತಾರೆ. ಇದು ಉಳ್ಳವರ ಮನೆಯ ಉತ್ತರ. ಅಲ್ಲಿ ಮಗ ಎಡವಿದರೆ ಎತ್ತಿ ನಿಲ್ಲಿಸಲು ದುಡ್ಡಿದೆ, ಇನ್ನೊಂದು ವರ್ಷ ಓದಿಸಲು ಅವಕಾಶವಿದೆ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ದೇವದುರ್ಗವನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇಟ್ಟಿತ್ತು. ಅಂಥ ತಾಲ್ಲೂಕಿನ ಹಳ್ಳಿಯಲ್ಲಿ ಬಹುಪಾಲು ಹೆಣ್ಣುಮಕ್ಕಳ ವಿಷಯವನ್ನು ಆರಿಸುವುದು ಆಸಕ್ತಿಯೂ ಅಲ್ಲ, ತಂದೆಯೂ ಅಲ್ಲ, ಬಸ್ಸು. ಬೆಳಿಗ್ಗೆ ಎಷ್ಟು ಹೊತ್ತಿಗೆ ಬಸ್ಸಿದೆ, ಸಂಜೆ ಕತ್ತಲಾಗುವ ಮೊದಲು ವಾಪಸು ತರುತ್ತದೆಯೇ, ಅದು ಹೋಗಿ ನಿಲ್ಲುವ ಊರಿನ ಕಾಲೇಜಿನಲ್ಲಿ ಯಾವ ವಿಭಾಗವಿದೆ, ಅದೇ ಅವಳ ವಿಭಾಗ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಾಗಿದ್ದು ದೊಡ್ಡ ಉಪಕಾರವೇ. ಆದರೆ ಟಿಕೆಟ್ ಮಾಫಿಯಾದರೂ ಬಸ್ಸು ಬರಬೇಕಲ್ಲ? ಇನ್ನೊಂದು ಮಾತು. ಎರಡು ವರ್ಷದ ಪಿ.ಯು.ಸಿ. ಒಬ್ಬ ಹುಡುಗಿಯನ್ನು ಕಾನೂನು ಮದುವೆಗೆ ಒಪ್ಪುವ ಹದಿನೆಂಟರ ಹತ್ತಿರಕ್ಕೆ ತಂದು ಬಿಡುತ್ತದೆ. ಯಾವ ವಿಷಯವಾದರೂ ಸರಿ, ಕಾಲೇಜಿನ ಪಟ್ಟಿಯಲ್ಲಿ ಹೆಸರಿದ್ದರೆ ಆ ಎರಡು ವರ್ಷ ಅವಳಿಗೆ ರಕ್ಷೆ. ಇದನ್ನು ಬಲ್ಲ ತಾಯಂದಿರು ನಮ್ಮಲ್ಲಿದ್ದಾರೆ, ಅವರ ಜಾಣತನವನ್ನು ನಾನು ಬಹಳ ಗೌರವಿಸುತ್ತೇನೆ.

ಕಳೆದ ವರ್ಷ ಮೇ ತಿಂಗಳಲ್ಲಿ ದೇವದುರ್ಗದ ಕಡೆಯಿಂದ ಒಬ್ಬ ತಂದೆ, ತಾಯಿ, ಮಗಳು ರಾಯಚೂರಿಗೆ ನನ್ನನ್ನು ಹುಡುಕಿಕೊಂಡು ಬಂದರು. ನಾರಾಯಣಪುರ ಬಲದಂಡೆ ಕಾಲುವೆಯ ಕೆಳಗೆ ಎರಡು ಎಕರೆ ಹೊಲ, ಹತ್ತಿ ಬೆಳೆಯುತ್ತಾರೆ. ಮಗಳಿಗೆ 625ಕ್ಕೆ 521. ತಂದೆಗೆ ಮಗಳು ನರ್ಸ್ ಆಗಬೇಕು, ಆದ್ದರಿಂದ ರಾಯಚೂರಿನಲ್ಲಿ ಹಾಸ್ಟೆಲಿಗೆ ಹಾಕಿ ಸೈನ್ಸ್ ಕೊಡಿಸಬೇಕು. ತಾಯಿಗೆ ಮಗಳು ಮನೆಯಿಂದಲೇ ದೇವದುರ್ಗಕ್ಕೆ ಹೋಗಿ ಬರಬೇಕು, ಆದ್ದರಿಂದ ಆರ್ಟ್ಸ್. ಇಬ್ಬರೂ ನನ್ನ ಮುಖ ನೋಡಿದರು. ಮಾನ್ವಿಯಲ್ಲಿ ಆಡಿದಂತೆ ಇಲ್ಲಿಯೂ ನಾಲ್ಕು ಮಾತು ಆಡಿಬಿಡುವುದು ನನಗೆ ಸುಲಭವಿತ್ತು.

ಈ ಸಲ ನಾನು ಮಗಳನ್ನು ಕೇಳಿದೆ: “ನಿನಗ ಏನು ಬೇಕವ್ವಾ?” ಅವಳು ಬಹಳ ಹೊತ್ತು ಸುಮ್ಮನಿದ್ದು, “ಗೊತ್ತಿಲ್ರಿ ಫಾದರ್” ಎಂದಳು. ತಂದೆಗೆ ಸಿಟ್ಟು ಬಂತು. ನನಗೆ ಮಾತ್ರ ಅದು ಆ ಕೋಣೆಯಲ್ಲಿ ಅಂದು ಆಡಿದ ಅತ್ಯಂತ ಪ್ರಾಮಾಣಿಕ ಮಾತು ಅನಿಸಿತು. ಅವಳಿಗೆ ಹೇಗೆ ಗೊತ್ತಾಗಬೇಕು? ಪಿ.ಯು.ಸಿ.ಯ ಒಂದು ಪುಸ್ತಕವನ್ನೂ ಅವಳು ಕಣ್ಣಿಂದ ನೋಡಿರಲಿಲ್ಲ. ಮನೆಯ ಲೆಕ್ಕವನ್ನೂ ಯಾರೂ ಅವಳಿಗೆ ಹೇಳಿರಲಿಲ್ಲ.

ಲೆಕ್ಕದ ವಿಷಯ ಹೇಗೆ ಹೊರಬಂತೆಂದರೆ, ಹಾಸ್ಟೆಲು, ಟ್ಯೂಷನ್ ಎಲ್ಲ ಸೇರಿ ಎಷ್ಟಾಗುತ್ತದೆ, ಎಲ್ಲಿಂದ ತರುತ್ತೀರಿ ಎಂದು ಕೇಳಿದೆ. ತಂದೆ ಮಗಳ ಕಡೆ ನೋಡಿ, “ಅದೆಲ್ಲ ನಾ ನೋಡ್ಕೋತೀನ್ರಿ, ಕೂಸಿನ ಮುಂದ ಯಾಕ?” ಎಂದರು. ಬಿಡದೆ ಕೇಳಿದಾಗ ತಿಳಿಯಿತು: ಒಂದು ಎಕರೆಯನ್ನು ಒತ್ತೆಯಿಟ್ಟು, ನೂರಕ್ಕೆ ಮೂರರ ತಿಂಗಳ ಬಡ್ಡಿಗೆ ಸಾಲ ಮಾತಾಡಿಯೇ ಬಂದಿದ್ದರು. ಮಗಳು ತಲೆಯೆತ್ತಿ ತಂದೆಯನ್ನು ನೋಡಿದ ರೀತಿಯನ್ನು ನಾನು ವರ್ಣಿಸಲಾರೆ.

ವಾಚಕರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಮಕ್ಕಳಿಗೆ ನೋವಾಗದಿರಲಿ ಎಂದು ಸಾಲವನ್ನು ಮುಚ್ಚಿಡುವ ತಂದೆತಾಯಂದಿರ ಪ್ರೀತಿ ದೊಡ್ಡದು. ಆದರೆ ಅದು ನ್ಯಾಯವೇ? ಸಾಲ ಮುಚ್ಚಿಟ್ಟು, ‘ನಿನಗೆ ಬೇಕಾದ್ದು ಓದು’ ಎಂದರೆ ಅವಳಿಗೆ ಸ್ವಾತಂತ್ರ್ಯ ಕೊಟ್ಟಂತಾಗಲಿಲ್ಲ. ಕಣ್ಣು ಕಟ್ಟಿ ದಾರಿ ಆರಿಸು ಎಂದಂತಾಯಿತು. ಮುಂದೆ ಅವಳು ಎಡವಿದ ದಿನ ಅದೇ ಸಾಲವನ್ನು ಅವಳ ಮುಖಕ್ಕೆ ಹಿಡಿಯುತ್ತೇವೆ, ‘ನಿನಗಾಗಿ ಹೊಲ ಹೋಯಿತು’ ಎನ್ನುತ್ತೇವೆ. ಆರಿಸುವ ದಿನ ಹೇಳದ ಸತ್ಯವನ್ನು ಸೋತ ದಿನ ಹೇಳುವುದು ಕ್ರೌರ್ಯ. ಮಾನ್ವಿಯ ಹುಡುಗ ಅಂಕಪಟ್ಟಿಯನ್ನು ಏಕೆ ಬಚ್ಚಿಟ್ಟ ಎಂಬುದು ನನಗೆ ಅಂದು ಹೊಳೆಯಿತು. ಆರಿಸಿದವರು ನಾವಾಗಿದ್ದೆವು, ಹಾಗಾಗಿ ಸೋಲು ಕೂಡ ನಮಗೆ ಮಾಡಿದ ಅಪಚಾರದಂತೆ ಅವನಿಗೆ ಕಂಡಿತ್ತು. ವಿವೇಕವೆಂಬ ಸದ್ಗುಣದಲ್ಲಿ ಇತರರಿಂದ ಕಲಿಯುವ ವಿನಯವೂ ಒಂದು ಅಂಗ ಎಂದು ಅಕ್ವಿನಾಸರು ಬರೆದಿದ್ದಾರೆ. ಮಕ್ಕಳಲ್ಲಿ ಆ ವಿನಯ ಇರಬೇಕಾದರೆ ಹೇಳುವವರು ಸುಳ್ಳನ್ನೂ ಅರ್ಧಸತ್ಯವನ್ನೂ ಬೆರೆಸಬಾರದು. ಹಣದ ಸತ್ಯ ಒಂದು, ಮಗುವಿನ ಶಕ್ತಿಯ ಸತ್ಯ ಇನ್ನೊಂದು. ನಮ್ಮ ಮನಸ್ಸಿನ ಸತ್ಯವೂ ಒಂದಿದೆ: ಮಗಳು ನರ್ಸ್ ಆಗಲಿ ಎನ್ನುವುದು ಅವಳಿಗಾಗಿಯೋ, ಬೀಗರ ಮುಂದೆ ಹೇಳಿಕೊಳ್ಳುವುದಕ್ಕಾಗಿಯೋ?

ಅಂದು ಮಧ್ಯಾಹ್ನ ಊಟವಾದ ಮೇಲೆ ನಾವು ನಾಲ್ವರೂ ಕುಳಿತು ಒಂದು ಹಾಳೆಯ ಮೇಲೆ ಬರೆದೆವು. ಜನರಲ್ ನರ್ಸಿಂಗ್ ಡಿಪ್ಲೊಮಾಗೆ ವಿಜ್ಞಾನದವರಿಗೆ ಆದ್ಯತೆ ಇದ್ದರೂ ಕಲಾ ವಿಭಾಗದವರಿಗೂ ಅವಕಾಶವುಂಟು, ಬಿ.ಎಸ್ಸಿ. ನರ್ಸಿಂಗಿಗಾದರೆ ಜೀವಶಾಸ್ತ್ರ ಬೇಕೇ ಬೇಕು ಎಂಬುದು ತಂದೆಗೆ ಗೊತ್ತಿರಲಿಲ್ಲ. ಮೆಟ್ರಿಕ್ ನಂತರದ ಸರ್ಕಾರಿ ವಿದ್ಯಾರ್ಥಿನಿಲಯಗಳಿವೆ, ಅಲ್ಪಸಂಖ್ಯಾತರ ಇಲಾಖೆಯವೂ ಇವೆ, ಅರ್ಜಿ ಹಾಕಿ ನೋಡಬಹುದು ಎಂಬುದು ತಾಯಿಗೆ ಗೊತ್ತಿರಲಿಲ್ಲ. (ಇಂಥ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಸೇರಿಸುವ ಮುಂಚೆ ಕಾಲೇಜಿನಲ್ಲಿ ಕೇಳಿಯೇ ಮುಂದುವರಿಯಿರಿ.) ಆಮೇಲೆ ನಮ್ಮ ಧರ್ಮಕೇಂದ್ರದ ಒಬ್ಬ ಹುಡುಗಿಯಿಂದ ಪ್ರಥಮ ಪಿ.ಯು.ಸಿ.ಯ ಜೀವಶಾಸ್ತ್ರ ಮತ್ತು ರಸಾಯನಶಾಸ್ತ್ರದ ಪುಸ್ತಕಗಳನ್ನೂ, ಇನ್ನೊಬ್ಬಳಿಂದ ಇತಿಹಾಸ ಮತ್ತು ಸಮಾಜಶಾಸ್ತ್ರದ ಪುಸ್ತಕಗಳನ್ನೂ ತರಿಸಿಕೊಟ್ಟು, “ಎಂಟು ದಿನ ಓದವ್ವಾ, ತಿಳಿಯದಿದ್ದರೂ ಓದು. ಯಾವ ಪುಸ್ತಕದ ಮುಂದ ಹೊತ್ತು ಹೋದದ್ದು ಗೊತ್ತಾಗೋದಿಲ್ಲೋ ನೋಡ್ಕೋ” ಎಂದು ಕಳಿಸಿದೆ. ಬಟ್ಟೆ ಕೊಡಿಸುವಾಗಲೂ ಒಮ್ಮೆ ಮೈಗೆ ಹಿಡಿದು ನೋಡುತ್ತೇವಲ್ಲ!

ಅವಳು ಆರ್ಟ್ಸ್ ತೆಗೆದುಕೊಳ್ಳುತ್ತಾಳೆ ಎಂದೇ ನಾನು ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಮಾನ್ವಿಯ ಪೆಟ್ಟು ತಿಂದಿದ್ದ ನನಗೆ ಹಾಗಾಗಲಿ ಎಂಬ ಆಸೆಯೂ ಇತ್ತು. ಒಂಬತ್ತನೆಯ ದಿನ ತಂದೆಯ ಜೊತೆ ಬಂದಳು. ಇತಿಹಾಸ ಚೆನ್ನಾಗಿ ತಿಳಿಯಿತು ಎಂದಳು. ರಸಾಯನಶಾಸ್ತ್ರ ಒಂದು ಪುಟವೂ ತಿಳಿಯಲಿಲ್ಲವಂತೆ. ಜೀವಶಾಸ್ತ್ರವನ್ನು ನಿಘಂಟು ಹಿಡಿದು ಓದಿದ್ದಳು, ಕನ್ನಡದ ಅರ್ಥಗಳನ್ನು ಪೆನ್ಸಿಲಿನಲ್ಲಿ ಅಂಚಿನ ಉದ್ದಕ್ಕೂ ಬರೆದಿದ್ದಳು, ನಲವತ್ತು ಪುಟ. ಆ ಪುಸ್ತಕ ಬೇರೆಯವರದು ಎಂಬುದನ್ನೂ ಮರೆತಿದ್ದಳು. “ಕಷ್ಟ ಅದರಿ ಫಾದರ್. ಆದ್ರೂ ಸೈನ್ಸೇ ಓದ್ತೀನಿ” ಎಂದಳು. ತಂದೆ ಏನೂ ಮಾತಾಡಲಿಲ್ಲ. ತಾಯಿಗೆ ಅಷ್ಟು ಸಮಾಧಾನವಿರಲಿಲ್ಲ ಎಂದು ಆಮೇಲೆ ಕೇಳಿದೆ, ಈಗಲೂ ಇಲ್ಲ.

ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಕ್ಕಿದ್ದರಿಂದ ಅಂದುಕೊಂಡದ್ದರ ಅರ್ಧದಷ್ಟು ಸಾಲದಲ್ಲಿ ಕೆಲಸವಾಯಿತು. ಎಷ್ಟು ಸಾಲ, ತಿಂಗಳಿಗೆ ಎಷ್ಟು ಬಡ್ಡಿ ಎಂಬುದು ಆ ಹಾಳೆಯಲ್ಲಿದೆ, ಹಾಳೆ ಅವಳ ಪೆಟ್ಟಿಗೆಯಲ್ಲಿದೆ. ಆಗಸ್ಟಿನಲ್ಲಿ ಮೊದಲ ಕಿರುಪರೀಕ್ಷೆ ನಡೆಯಿತು. ಜೀವಶಾಸ್ತ್ರದಲ್ಲಿ 25ಕ್ಕೆ 17, ರಸಾಯನಶಾಸ್ತ್ರದಲ್ಲಿ 25ಕ್ಕೆ 8. ಸಂಜೆ ಹಾಸ್ಟೆಲಿನ ಫೋನಿನಿಂದ ಮೊದಲು ತಂದೆಗೆ, ಆಮೇಲೆ ನನಗೆ ಫೋನ್ ಮಾಡಿ ಅದನ್ನು ಹೇಳಿದವಳು ಅವಳೇ. ರಸಾಯನಶಾಸ್ತ್ರವನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಯಾರಾದರೂ ಇದ್ದಾರೆಯೇ ಫಾದರ್ ಎಂದು ಕೇಳಿದಳು. ನಮ್ಮ ಧರ್ಮಕೇಂದ್ರದಲ್ಲಿರುವ ನಿವೃತ್ತ ಉಪನ್ಯಾಸಕರೊಬ್ಬರ ಮನೆಗೆ ಮರುದಿನವೇ ಹೋಗಿ ಕೇಳಿಬಂದೆ. ಶನಿವಾರಗಳಂದು ಬರಲಿ, ಇನ್ನೂ ಇಬ್ಬರು ಮೂವರಿದ್ದರೆ ಅವರನ್ನೂ ಕರೆತರಲಿ ಎಂದಿದ್ದಾರೆ.